ಕೊಡುವ ಮನಸ್ಸಿನಿಂದ ಬಡವನ ಬಾಗಿಲಿನವರೆಗೆ

ಪ್ರವಾಸವೆಂಬುದು ಇಂದು ಕೇವಲ ಸಿರಿವಂತರ ವಿಲಾಸವಾಗಿ ಉಳಿದಿಲ್ಲ. ಶಾಲೆಗೆ ರಜೆ ಸಿಕ್ಕಿತೆಂದರೆ, ವಿದೇಶದಲ್ಲಿ ದುಡಿಯುವ ಮಗನು ಊರಿಗೆ ಬಂದನೆಂದರೆ, ಹಿರಿಯರ ವಿವಾಹದ ರಜತೋತ್ಸವ ಸಮೀಪಿಸಿತೆಂದರೆ, ನಮ್ಮ ಮಧ್ಯಮ ವರ್ಗದ ಕುಟುಂಬಗಳೂ ಬೆಟ್ಟ, ಕಾಡು, ಕಡಲತೀರಗಳನ್ನು ಅರಸಿ ಹೊರಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿಮೆಯಷ್ಟೇ ವಿಶ್ರಾಂತಿಯೂ ಮನುಷ್ಯನಿಗೆ ಅವಶ್ಯ. ತನ್ನ ಊರಿನ ಗಡಿಯಾಚೆಗೂ ಮನುಷ್ಯರಿದ್ದಾರೆಂದು ಕಣ್ಣಾರೆ ಕಂಡು ಬರುವುದು ಶಿಕ್ಷಣದ ಒಂದು ಭಾಗವೇ ಸರಿ.

ಆದರೆ ಪ್ರಿಯ ವಾಚಕರೇ, ನಾವು ನೋಡಲು ಹೋಗುವ ರಮ್ಯ ತಾಣಗಳು ಬಹುಮಟ್ಟಿಗೆ ಬಡವರ ನೆರೆಯಲ್ಲಿಯೇ ಇರುತ್ತವೆ ಎಂಬುದನ್ನು ತಾವು ಗಮನಿಸಿರಬಹುದು. ದಟ್ಟವಾದ ಕಾಡು ಉಳಿದಿರುವುದು ರಸ್ತೆ, ಕಾರ್ಖಾನೆ, ಪೇಟೆಗಳು ತಲುಪದ ಕಡೆಯಲ್ಲಿ. ಅವು ತಲುಪದ ಕಡೆಯಲ್ಲಿಯೇ ಬಡತನವೂ ಉಳಿದಿರುತ್ತದೆ. ಹೀಗಾಗಿ ಒಂದು ರಾತ್ರಿಯ ವಸತಿಗೆ ಸಾವಿರಾರು ರೂಪಾಯಿ ತೆರುವವನೂ, ಇಡೀ ತಿಂಗಳು ದುಡಿದರೂ ಅಷ್ಟನ್ನು ಕಾಣದವನೂ ಒಂದೇ ಬೇಲಿಯ ಎರಡು ಬದಿಗಳಲ್ಲಿ ನಿಲ್ಲುತ್ತಾರೆ. ಆಗ ಸಹೃದಯನಾದ ಪ್ರವಾಸಿಯ ಮನಸ್ಸಿನಲ್ಲಿ ಒಂದು ಭಾವನೆ ಮೂಡುವುದು ಸಹಜ: 'ಇನ್ನೂ ಸ್ವಲ್ಪ ಹೆಚ್ಚು ಕೊಡಲು ನಾನು ಸಿದ್ಧ, ಅದು ಈ ಜನರಿಗೆ ತಲುಪುವಂತಿದ್ದರೆ.'

ಈ ಒಂದು ವಾಕ್ಯವನ್ನೇ ಇಂದು ನಾವು ಚರ್ಚೆಗೆ ಎತ್ತಿಕೊಳ್ಳಬಯಸುತ್ತೇವೆ. ಇದರಲ್ಲಿ ಎರಡು ಭಾಗಗಳಿವೆ. 'ಕೊಡಲು ಸಿದ್ಧ' ಎಂಬುದು ಮೊದಲನೆಯದು; 'ತಲುಪುವಂತಿದ್ದರೆ' ಎಂಬುದು ಎರಡನೆಯದು. ಮೊದಲನೆಯದು ಎಷ್ಟರಮಟ್ಟಿಗೆ ಸತ್ಯ? ಎರಡನೆಯದು ಎಷ್ಟರಮಟ್ಟಿಗೆ ಸಾಧ್ಯ?

ಇಚ್ಛೆಯನ್ನು ಅಳೆಯುವ ವಿದ್ಯೆ

ಮಾರುಕಟ್ಟೆಯಲ್ಲಿ ಬೆಲೆ ಕಟ್ಟಲಾಗದ ವಸ್ತುಗಳಿಗೆ ಜನರು ಎಷ್ಟು ಕೊಡಲು ಸಿದ್ಧರಿದ್ದಾರೆ ಎಂದು ಅವರನ್ನೇ ಕೇಳಿ ತಿಳಿಯುವ ಪದ್ಧತಿ ಅರ್ಥಶಾಸ್ತ್ರದಲ್ಲಿ ಹಳೆಯದು. ಸಿರಿಯಸಿ ವಾಂಟ್ರಪ್ ಎಂಬ ಅರ್ಥಶಾಸ್ತ್ರಜ್ಞರು 1947ರಲ್ಲಿಯೇ ಈ ಆಲೋಚನೆಯನ್ನು ಮುಂದಿಟ್ಟಿದ್ದರು. 1963ರಲ್ಲಿ ರಾಬರ್ಟ್ ಡೇವಿಸ್ ಎಂಬ ಸಂಶೋಧಕರು ಅಮೆರಿಕದ ಮೇಯ್ನ್ ರಾಜ್ಯದ ಕಾಡುಗಳಿಗೆ ಬರುವ ಬೇಟೆಗಾರರನ್ನೂ ವಿಹಾರಿಗಳನ್ನೂ ಪ್ರಶ್ನಿಸಿ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲದ ಹಡಗು ಅಲಾಸ್ಕದ ಕಡಲಿನಲ್ಲಿ ಬಂಡೆಗೆ ತಗುಲಿ ಅಪಾರ ತೈಲ ಸೋರಿದಾಗ ಈ ಪದ್ಧತಿಗೆ ಲೋಕಪ್ರಸಿದ್ಧಿ ದೊರೆಯಿತು. ಅಂಥ ಇನ್ನೊಂದು ದುರಂತವನ್ನು ತಡೆಯಲು ತಾವೆಷ್ಟು ತೆರಿಗೆ ಕೊಡಲು ಸಿದ್ಧರೆಂದು ಅಮೆರಿಕದ ಮನೆಮನೆಗಳಲ್ಲಿ ಕೇಳಿ, ಒಟ್ಟು 280 ಕೋಟಿ ಡಾಲರುಗಳೆಂದು ಲೆಕ್ಕ ಹಾಕಲಾಯಿತು. ಈ ಲೆಕ್ಕವನ್ನು ನಂಬಬಹುದೇ ಎಂಬ ವಿವಾದ ಎದ್ದಾಗ, ನೊಬೆಲ್ ಪುರಸ್ಕೃತರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಅವರ ನೇತೃತ್ವದ ಸಮಿತಿಯೊಂದು 1993ರಲ್ಲಿ ವರದಿ ನೀಡಿತು. ಎಚ್ಚರಿಕೆಯಿಂದ ಕೇಳಿದರೆ ಉತ್ತರಗಳು ಪ್ರಯೋಜನಕ್ಕೆ ಬಂದಾವು. ಆದರೆ ಉತ್ತರಿಸುವವನಿಗೆ ಅವನ ಕಿಸೆಯ ಮಿತಿಯನ್ನು ಮೊದಲು ನೆನಪಿಸಬೇಕು ಎಂಬುದು ಆ ವರದಿಯ ಸಾರಾಂಶಗಳಲ್ಲೊಂದು.

ಈ ಎಚ್ಚರಿಕೆ ಏಕೆ ಬೇಕಾಯಿತು ಎಂಬುದಕ್ಕೆ ಅದೇ ಕಾಲದ ಇನ್ನೊಂದು ಪ್ರಯೋಗ ಸಾಕ್ಷಿಯಾಗಿದೆ. ತೈಲದ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಬಲೆ ಹೊದೆಸಿ ಉಳಿಸಲು ಎಷ್ಟು ಕೊಡುವಿರಿ ಎಂದು ಮೂರು ಗುಂಪುಗಳನ್ನು ಕೇಳಲಾಯಿತು. ಒಂದು ಗುಂಪಿಗೆ 2,000 ಹಕ್ಕಿಗಳೆಂದೂ, ಎರಡನೆಯದಕ್ಕೆ 20,000 ಎಂದೂ, ಮೂರನೆಯದಕ್ಕೆ 2,00,000 ಎಂದೂ ಹೇಳಲಾಗಿತ್ತು. ಬಂದ ಸರಾಸರಿ ಉತ್ತರಗಳು ಕ್ರಮವಾಗಿ 80, 78 ಮತ್ತು 88 ಡಾಲರುಗಳು! ಹಕ್ಕಿಗಳ ಸಂಖ್ಯೆ ನೂರು ಪಟ್ಟು ಹೆಚ್ಚಿದರೂ ಕನಿಕರದ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಅಂದರೆ ಜನರು ಬೆಲೆ ಕಟ್ಟಿದ್ದು ಹಕ್ಕಿಗಳಿಗಲ್ಲ. ತಾವು ಒಳ್ಳೆಯವರೆಂಬ ಸಮಾಧಾನಕ್ಕೆ. ಡೇನಿಯಲ್ ಕಾನ್ಮನ್ ಮತ್ತು ಜ್ಯಾಕ್ ನೆಟ್ಷ್ ಎಂಬ ವಿದ್ವಾಂಸರು 1992ರಲ್ಲಿ ಇದನ್ನು ನೈತಿಕ ತೃಪ್ತಿಯ ಖರೀದಿ ಎಂದು ಬಣ್ಣಿಸಿದರು. ಬಾಯಿಮಾತಿನಲ್ಲಿ ಕೊಡುತ್ತೇವೆಂದ ಮೊತ್ತವನ್ನು ನಿಜವಾಗಿ ಕೈಬಿಚ್ಚಿದ ಮೊತ್ತದೊಂದಿಗೆ ಹೋಲಿಸಿದ ಅನೇಕ ಅಧ್ಯಯನಗಳನ್ನು 2001ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮಾತು ಸರಾಸರಿಯಲ್ಲಿ ಕೃತಿಗಿಂತ ಸುಮಾರು ಮೂರು ಪಟ್ಟು ದೊಡ್ಡದಾಗಿತ್ತು.

ತತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಬಯಕೆ ಮತ್ತು ಆಯ್ಕೆ ಎರಡೂ ಒಂದೇ ಅಲ್ಲವೆಂದು ಅರಿಸ್ಟಾಟಲನು ಬಹು ಹಿಂದೆಯೇ ವಿಂಗಡಿಸಿದ್ದನು. ಬಯಕೆಗೆ ಎಲ್ಲೆಯಿಲ್ಲ, ಸಾಧ್ಯವಲ್ಲದ್ದನ್ನೂ ನಾವು ಬಯಸಬಲ್ಲೆವು. ಆಯ್ಕೆಯಾದರೋ ನಮ್ಮ ಕೈಯಳತೆಯಲ್ಲಿರುವುದನ್ನು ಕುರಿತದ್ದು. ಒಂದನ್ನು ಆರಿಸಿದಾಗ ಇನ್ನೊಂದನ್ನು ಬಿಡಬೇಕಾಗುತ್ತದೆ. 'ಕೊಡಲು ಸಿದ್ಧ' ಎನ್ನುವವನು ಬಯಕೆಯನ್ನು ತಿಳಿಸುತ್ತಾನೆ. ಕೊಟ್ಟವನು ಆಯ್ಕೆಯನ್ನು ಮಾಡಿದ್ದಾನೆ. ಆದುದರಿಂದ ಬಾಯಿಮಾತನ್ನು ಬದಿಗಿಟ್ಟು, ಪ್ರವಾಸಿಗಳು ನಿಜವಾಗಿಯೂ ದೊಡ್ಡ ಮೊತ್ತ ತೆತ್ತ ಒಂದು ಪ್ರದೇಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಗೊರಿಲ್ಲಾಗಳ ನಾಡಿನಲ್ಲಿ

ಮಧ್ಯ ಆಫ್ರಿಕದಲ್ಲಿ ರುವಾಂಡ, ಉಗಾಂಡ ಮತ್ತು ಕಾಂಗೋ ದೇಶಗಳ ಗಡಿಗಳು ಕೂಡುವಲ್ಲಿ ವಿರುಂಗ ಎಂಬ ಜ್ವಾಲಾಮುಖಿ ಪರ್ವತಗಳ ಸಾಲಿದೆ. ಅದರ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಉಗಾಂಡದ ಬ್ವಿಂಡಿ ಎಂಬ ಗೊಂಡಾರಣ್ಯವಿದೆ. ಪರ್ವತ ಗೊರಿಲ್ಲಾ ಎಂಬ ಪ್ರಾಣಿ ಜಗತ್ತಿನಲ್ಲಿ ಉಳಿದಿರುವುದು ಈ ಎರಡು ನೆಲೆಗಳಲ್ಲಿ ಮಾತ್ರ. 1980ರ ದಶಕದ ಆರಂಭದಲ್ಲಿ ವಿರುಂಗದಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250. ಆ ಕಾಡಿನ ಸುತ್ತ ಆಫ್ರಿಕದಲ್ಲಿಯೇ ಅತ್ಯಂತ ಜನನಿಬಿಡವಾದ ಹಳ್ಳಿಗಳು. ಬೇಲಿಯ ಅಂಚಿನವರೆಗೂ ಆಲೂಗಡ್ಡೆ, ಹುರುಳಿಕಾಯಿ, ಜೋಳದ ತುಂಡು ಹೊಲಗಳು. ಕೀಟನಾಶಕಕ್ಕೆ ಬೇಕಾಗುವ ಪೈರೆಥ್ರಮ್ ಹೂವಿನ ಬೇಸಾಯಕ್ಕಾಗಿ ರುವಾಂಡದ ರಾಷ್ಟ್ರೀಯ ಉದ್ಯಾನದ ದೊಡ್ಡ ಭಾಗವನ್ನು 1960ರ ದಶಕದ ಕೊನೆಯಲ್ಲಿಯೇ ಕಡಿಯಲಾಗಿತ್ತು. 1970ರ ದಶಕದ ಕೊನೆಯಲ್ಲಿ ಇನ್ನೊಂದು ಭಾಗವನ್ನು ದನಗಳ ಮೇವಿಗೆ ಬಿಡುವ ಯೋಜನೆ ಸಿದ್ಧವಾಗುತ್ತಿತ್ತು.

ಅಲ್ಲಿ 1967ರಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿಸಿ, 1985ರ ಡಿಸೆಂಬರಿನಲ್ಲಿ ಹತ್ಯೆಗೀಡಾದ ಡಯಾನ್ ಫಾಸಿ ಅವರ ಹೆಸರು ಜಗತ್ತಿಗೆ ಪರಿಚಿತವಾಗಿದೆ. ಪ್ರವಾಸಿಗಳನ್ನು ಗೊರಿಲ್ಲಾಗಳ ಬಳಿಗೆ ಕರೆತರುವುದನ್ನು ಅವರು ಒಪ್ಪಿರಲಿಲ್ಲ. ಆದರೆ ಬಿಲ್ ವೆಬರ್ ಮತ್ತು ಏಮಿ ವೆಡ್ಡರ್ ಎಂಬ ಸಂಶೋಧಕ ದಂಪತಿಗಳು ಬೇರೊಂದು ರೀತಿಯಲ್ಲಿ ವಿಚಾರ ಮಾಡಿದರು. ಹಸಿದ ರೈತನಿಗೆ ಕಾಡಿನಿಂದ ಏನೂ ಸಿಗದಿದ್ದರೆ ಅವನು ಕಾಡನ್ನು ಏಕೆ ಉಳಿಸಬೇಕು? ದನಗಳಿಂದ ಬರುವ ಆದಾಯಕ್ಕಿಂತ ಹೆಚ್ಚಿನದನ್ನು ಗೊರಿಲ್ಲಾ ತಂದುಕೊಟ್ಟರೆ ಗೊರಿಲ್ಲಾವೂ ಉಳಿದೀತು, ರೈತನೂ ಬದುಕಿಯಾನು ಎಂಬುದು ಅವರ ಎಣಿಕೆ. 1979ರಲ್ಲಿ ರುವಾಂಡದಲ್ಲಿಯೂ, 1993ರಲ್ಲಿ ಬ್ವಿಂಡಿಯಲ್ಲಿಯೂ ಈ ಬಗೆಯ ಪ್ರವಾಸೋದ್ಯಮ ಆರಂಭವಾಯಿತು. ನಿಯಮಗಳು ಕಟ್ಟುನಿಟ್ಟು. ಒಂದು ಗೊರಿಲ್ಲಾ ಕುಟುಂಬವನ್ನು ನೋಡಲು ದಿನಕ್ಕೆ ಎಂಟೇ ಜನ. ಅದೂ ಒಂದೇ ಗಂಟೆ.

ಈ ಒಂದು ಗಂಟೆಗೆ ಜನರು ಎಷ್ಟು ಕೊಟ್ಟಾರು? ರುವಾಂಡವು ಪರವಾನಗಿಯ ದರವನ್ನು ಹಂತಹಂತವಾಗಿ ಏರಿಸುತ್ತ ಹೋಗಿ, 2017ರ ಮೇ ತಿಂಗಳಲ್ಲಿ 750 ಡಾಲರುಗಳಿಂದ ಒಮ್ಮೆಲೇ 1,500 ಡಾಲರುಗಳಿಗೆ ಮುಟ್ಟಿಸಿತು. ಉಗಾಂಡವು 600ರಿಂದ 2020ರಲ್ಲಿ 700ಕ್ಕೂ, 2024ರ ಜುಲೈಯಿಂದ 800ಕ್ಕೂ ಏರಿಸಿತು. ಆದರೂ ಪ್ರವಾಸಿಗಳು ಬರುವುದು ನಿಲ್ಲಲಿಲ್ಲ. 1994ರಲ್ಲಿ ರುವಾಂಡದಲ್ಲಿ ನಡೆದ ಭೀಕರ ನರಮೇಧವಾಗಲಿ, 1999ರ ಮಾರ್ಚ್ 1ರಂದು ಬ್ವಿಂಡಿಗೆ ನುಗ್ಗಿದ ಸಶಸ್ತ್ರ ಬಂಡುಕೋರರು ಎಂಟು ಮಂದಿ ವಿದೇಶೀ ಪ್ರವಾಸಿಗಳನ್ನು ಕೊಂದುದಾಗಲಿ ಈ ಆಕರ್ಷಣೆಯನ್ನು ಶಾಶ್ವತವಾಗಿ ಅಳಿಸಲಿಲ್ಲ. ಗೊರಿಲ್ಲಾಗಳ ಸಂಖ್ಯೆಯೂ ಏರಿತು. 2015-16ರ ಎಣಿಕೆಯಲ್ಲಿ ವಿರುಂಗದಲ್ಲಿ 604, 2018ರ ಎಣಿಕೆಯಲ್ಲಿ ಬ್ವಿಂಡಿ ಪ್ರದೇಶದಲ್ಲಿ 459, ಒಟ್ಟು 1,063. 2018ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಈ ಪ್ರಾಣಿಯನ್ನು ಅತಿ ಗಂಭೀರ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲಕ್ಕೆತ್ತಿತು. ಕೊಡುವ ಮನಸ್ಸು ಇಲ್ಲಿ ಬರಿಯ ಮಾತಾಗಿ ಉಳಿಯಲಿಲ್ಲ. ಹಣವಾಗಿ ಹರಿದು ಬಂದಿತು. ವಾಕ್ಯದ ಮೊದಲ ಭಾಗಕ್ಕೆ ಇಲ್ಲಿ ಉತ್ತರ ದೊರೆಯಿತು.

ಹರಿದ ಹಣ ಎಲ್ಲಿ ಇಂಗಿತು?

ಎರಡನೆಯ ಭಾಗವು ಇಷ್ಟು ಸುಲಭವಲ್ಲ. ಉದ್ಯಾನದ ಪ್ರವೇಶ ಶುಲ್ಕದ ಶೇಕಡಾ 20ರಷ್ಟು ಸುತ್ತಲಿನ ಜನರಿಗೆ ಸಲ್ಲಬೇಕೆಂದು ಉಗಾಂಡದ 1996ರ ವನ್ಯಜೀವಿ ಕಾನೂನು ವಿಧಿಸಿತ್ತು. ಕೇಳಲು ಉದಾರವಾಗಿದೆ. ಆದರೆ ಪ್ರವೇಶ ಶುಲ್ಕವೆಂಬುದು ಗೊರಿಲ್ಲಾ ಪರವಾನಗಿಯ ದೊಡ್ಡ ಮೊತ್ತದಲ್ಲಿ ಒಂದು ಸಣ್ಣ ತುಂಡು ಮಾತ್ರ. ಈ ಕೊರತೆಯನ್ನು ತುಂಬಲು ಮುಂದೆ ಪ್ರತಿ ಪರವಾನಗಿಯಿಂದ 10 ಡಾಲರುಗಳನ್ನು ಹಳ್ಳಿಗಳಿಗೆಂದು ಬೇರೆಯಾಗಿ ತೆಗೆದಿಡುವ ವ್ಯವಸ್ಥೆಯಾಯಿತು. ಪರವಾನಗಿ 600 ಡಾಲರ್ ಇದ್ದಾಗ ಈ ಹತ್ತು ಡಾಲರ್ ಎಂದರೆ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ರುವಾಂಡವು 2005ರಿಂದ ಉದ್ಯಾನಗಳ ಆದಾಯದಲ್ಲಿ ಶೇಕಡಾ 5ನ್ನೂ, 2017ರಿಂದ ಶೇಕಡಾ 10ನ್ನೂ ಜನರ ಯೋಜನೆಗಳಿಗೆ ಮೀಸಲಿಟ್ಟಿತು. 1,500 ಡಾಲರುಗಳಲ್ಲಿ ಹತ್ತನೆಯ ಒಂದು ಭಾಗವೆಂದರೆ 150. ಶಾಲೆಯ ಕೊಠಡಿಗಳು, ಕುಡಿಯುವ ನೀರಿನ ತೊಟ್ಟಿಗಳು, ಕಾಡೆಮ್ಮೆಗಳನ್ನು ತಡೆಯುವ ಕಲ್ಲಿನ ಗೋಡೆ ಇವೆಲ್ಲ ಇಂಥ ಹಣದಿಂದ ಎದ್ದಿವೆ. ಇದನ್ನು ನಾವು ಕಡೆಗಣಿಸುವಂತಿಲ್ಲ. ಆದರೂ ಲಕ್ಷಾಂತರ ಜನರಿರುವ ಪ್ರದೇಶದಲ್ಲಿ ಈ ಪಾಲನ್ನು ಹಂಚಿದಾಗ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬಂತಾಗುತ್ತದೆ.

ಇದಲ್ಲದೆ ನಷ್ಟ ಅನುಭವಿಸುವವನೂ ಲಾಭ ಪಡೆಯುವವನೂ ಒಬ್ಬನೇ ಆಗಿರುವುದಿಲ್ಲ. ಗೊರಿಲ್ಲಾ, ಬಬೂನ್, ಕಾಡುಹಂದಿಗಳು ನುಗ್ಗಿ ಹಾಳುಮಾಡುವುದು ಕಾಡಿನ ಅಂಚಿನಲ್ಲಿರುವ ಬಡವನ ಬೆಳೆಯನ್ನು. ಕಟ್ಟಿಗೆಗೂ ಬಳ್ಳಿಗೂ ಜೇನಿಗೂ ಕಾಡಿಗೆ ಹೋಗಬಾರದೆಂಬ ನಿರ್ಬಂಧ ಬಾಧಿಸುವುದೂ ಅವನನ್ನೇ. ಆದರೆ ಆರೋಗ್ಯ ಕೇಂದ್ರವೋ ರಸ್ತೆಯೋ ಕಟ್ಟಲ್ಪಡುವುದು ತಾಲ್ಲೂಕು ಕೇಂದ್ರದ ಸಮೀಪ, ಕಾಗದಪತ್ರ ಬರೆಯಬಲ್ಲವರು ಇರುವಲ್ಲಿ. ಪ್ರವಾಸಿ ಉಳಿಯುವ ಐಷಾರಾಮಿ ವಸತಿಗೃಹದ ಒಡೆಯ ರಾಜಧಾನಿಯಲ್ಲಿಯೋ ವಿದೇಶದಲ್ಲಿಯೋ ಇರುತ್ತಾನೆ. ಅಡುಗೆಯ ಸಾಮಾನು ದೂರದ ಪೇಟೆಯಿಂದ ಬರುತ್ತದೆ. ವಾಹನ, ಚಾಲಕ, ಮಾರ್ಗದರ್ಶಿ ಎಲ್ಲರೂ ಹೊರಗಿನವರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ನಮ್ಮ ವೃತ್ತಿಯವರು ಉಚ್ಚರಿಸುವಾಗ ತುಸು ಸಂಕೋಚವಾಗುವುದುಂಟು. ಆದರೆ ಇಲ್ಲಿ ಅದಕ್ಕಿಂತ ಸೂಕ್ತವಾದ ಮಾತು ದೊರೆಯದು.

ಬ್ವಿಂಡಿಯ ಪ್ರವಾಸೋದ್ಯಮದ ಹಣದ ಜಾಡನ್ನು ಹಿಡಿದು ಹೋದ ಕ್ರಿಸ್ ಸ್ಯಾಂಡ್‌ಬ್ರೂಕ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದೃಷ್ಟಿಯಿಂದ ಮನನೀಯವಾಗಿದೆ. ಅಲ್ಲಿ ಸಂಗ್ರಹವಾದ ಹಣದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸ್ಥಳೀಯ ಆರ್ಥಿಕತೆಯಿಂದ ಸೋರಿ ಹೋಗುತ್ತಿತ್ತು. ಆದರೆ ಉಳಿದ ಅಲ್ಪ ಪಾಲು ಕೂಡ ಆ ಊರಿಗೆ ಬೇರೆ ಎಲ್ಲ ಮೂಲಗಳಿಂದ ಬರುವ ಹಣಕ್ಕಿಂತ ದೊಡ್ಡದಾಗಿತ್ತು! ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿಯಬೇಕು. ಮೊದಲನೆಯದನ್ನು ಮಾತ್ರ ನೋಡಿದವನು ಪ್ರವಾಸವೇ ಶೋಷಣೆಯೆಂದು ತೀರ್ಮಾನಿಸಿ ಮನೆಯಲ್ಲಿ ಕುಳಿತಾನು. ಅದರಿಂದ ಬಡವನ ಒಲೆ ಇನ್ನಷ್ಟು ತಣ್ಣಗಾದೀತು. ಎರಡನೆಯದನ್ನು ಮಾತ್ರ ನೋಡಿದವನು ಸೋರುವ ಕೊಡವನ್ನು ಸರಿಪಡಿಸುವ ಗೋಜಿಗೆ ಹೋಗದೆ ನೀರು ತುಂಬಿಸುತ್ತಲೇ ಇದ್ದಾನು.

ದಾನವೋ, ಸಾಲ ತೀರಿಕೆಯೋ?

ಕಾಡಿನ ಅಂಚಿನ ರೈತನಿಗಿಂತಲೂ ಒಳಗಿನ ಇನ್ನೊಂದು ಜನಾಂಗದ ಕಥೆಯನ್ನು ಹೇಳದೆ ಈ ವಿಷಯ ಪೂರ್ಣವಾಗದು. ಬಟ್ವಾ ಎಂಬ ಗಿಡ್ಡ ಮೈಕಟ್ಟಿನ ವನವಾಸಿಗಳು ತಲೆತಲಾಂತರದಿಂದ ಈ ಕಾಡುಗಳಲ್ಲಿಯೇ ಬೇಟೆ, ಜೇನು, ಗೆಡ್ಡೆಗೆಣಸುಗಳಿಂದ ಬದುಕಿದವರು. 1991ರಲ್ಲಿ ಬ್ವಿಂಡಿ ಮತ್ತು ಮ್ಗಹಿಂಗ ಕಾಡುಗಳನ್ನು ರಾಷ್ಟ್ರೀಯ ಉದ್ಯಾನಗಳೆಂದು ಘೋಷಿಸಿದಾಗ ಅವರು ಹೊರಬೀಳಬೇಕಾಯಿತು. ಹೊಲದ ಪಟ್ಟೆ ಇದ್ದ ರೈತರಿಗೆ ಪರಿಹಾರ ಕೇಳಲು ಕಾಗದವಾದರೂ ಇತ್ತು. ಕಾಡನ್ನೇ ಮನೆಯೆಂದು ನಂಬಿದವರಿಗೆ ಯಾವ ಕಾಗದ? ಹೀಗೆ ಭೂಮಿಯಿಲ್ಲದವರಾಗಿ, ಇತರರ ಹೊಲಗಳಲ್ಲಿ ಕೂಲಿ ಮಾಡಿಕೊಂಡು, ಪ್ರವಾಸಿಗಳ ಮುಂದೆ ಕುಣಿದು ಕೆಲವು ಕಾಸು ಪಡೆಯುವ ಸ್ಥಿತಿಗೆ ಅವರಲ್ಲಿ ಅನೇಕರು ಬಂದರು. 2021ರಲ್ಲಿ ಉಗಾಂಡದ ಸಂವಿಧಾನ ನ್ಯಾಯಾಲಯವು ಈ ಜನರು ಸಾಕಷ್ಟು ಪರಿಹಾರವಿಲ್ಲದೆ ನಿರ್ಗತಿಕರಾದುದನ್ನು ಮನಗಂಡು, ಅವರಿಗೆ ನ್ಯಾಯ ಒದಗಿಸುವ ಕ್ರಮಗಳಾಗಬೇಕೆಂಬ ನಿಲುವು ತಳೆಯಿತು. ತೀರ್ಪು ಬಂದ ಮಾತ್ರಕ್ಕೆ ಭೂಮಿ ಬಂದಂತಾಗುವುದಿಲ್ಲ ಎಂಬುದು ನಮ್ಮ ನಾಡಿನವರಿಗೆ ಹೇಳಬೇಕಾದ ಮಾತಲ್ಲ.

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಉದ್ಭವಿಸುತ್ತದೆ. ಬಟ್ವಾ ಜನರಿಗೆ ಪ್ರವಾಸಿಯು ಕೊಡುವ ಹಣವನ್ನು ಏನೆಂದು ಕರೆಯಬೇಕು? ದಾನವೇ? ದಾನವೆಂಬುದು ನನ್ನದನ್ನು ನಾನು ಕೊಡುವುದು. ಕೊಡದಿದ್ದರೆ ನಾನು ಲೋಭಿ ಎನಿಸಿಕೊಂಡೇನು, ಕಳ್ಳನಲ್ಲ. ನ್ಯಾಯವಾದರೋ ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ಅವನಿಗೆ ಸಲ್ಲಿಸುವ ಸ್ಥಿರ ಸಂಕಲ್ಪ ಎಂದು ಪ್ರಾಚೀನ ರೋಮಿನ ಧರ್ಮಶಾಸ್ತ್ರಜ್ಞರು ತಿಳಿದಿದ್ದರು. ಈ ಜನರು ಬಿಟ್ಟುಕೊಟ್ಟ ಕಾಡಿನಲ್ಲಿ ಗಂಟೆಗೆ ನೂರಾರು ಡಾಲರುಗಳ ಆನಂದವನ್ನು ಪಡೆಯುವವನು ಅವರಿಗೆ ಕೊಡುವುದು ಭಿಕ್ಷೆಯಲ್ಲ, ಬಾಕಿ. ಭಿಕ್ಷೆಯನ್ನು ಕೊಡುವವನ ಮನಸ್ಸಿಗೆ ಬಿಡಬಹುದು. ಬಾಕಿಯನ್ನು ಹಾಗೆ ಬಿಡಲಾಗದು. 'ಕೊಡಲು ಸಿದ್ಧರೇ?' ಎಂಬ ಪ್ರಶ್ನೆಯಲ್ಲಿಯೇ ಅಡಗಿರುವ ದೋಷವಿದು. ಸಾಲಗಾರನನ್ನು ಯಾರೂ ಹಾಗೆ ಕೇಳುವುದಿಲ್ಲ.

ಮನಸ್ಸಿನ ಮೇಲೆ ಮಾತ್ರ ಅವಲಂಬಿಸಿದರೆ ಏನಾಗುತ್ತದೆ ಎಂಬುದನ್ನು 2020ರ ಮಹಾಮಾರಿ ತೋರಿಸಿಕೊಟ್ಟಿತು. ವಿಮಾನಗಳು ನಿಂತವು, ಪ್ರವಾಸಿಗಳು ಬರಲಿಲ್ಲ, ಸಾಮಾನು ಹೊರುವವರಿಂದ ಹಿಡಿದು ಬುಟ್ಟಿ ಹೆಣೆಯುವ ಹೆಂಗಸರವರೆಗೆ ಎಲ್ಲರ ದುಡಿಮೆಯೂ ಒಂದೇ ದಿನ ಬತ್ತಿತು. ಅದೇ ಜೂನ್ ತಿಂಗಳಲ್ಲಿ ರಫಿಕಿ ಎಂಬ ಹೆಸರಿನ ನಾಯಕ ಗೊರಿಲ್ಲಾ ಬ್ವಿಂಡಿಯಲ್ಲಿ ಈಟಿಗೆ ಬಲಿಯಾಯಿತು. ಸಣ್ಣ ಪ್ರಾಣಿಗಳ ಬೇಟೆಗೆ ಕಾಡು ಹೊಕ್ಕಿದ್ದೆನೆಂದೂ, ಮೇಲೆರಗಿದಾಗ ಪ್ರಾಣರಕ್ಷಣೆಗಾಗಿ ಇರಿದೆನೆಂದೂ ಹೇಳಿದ ಹಳ್ಳಿಗನಿಗೆ 11 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅಪರಾಧವು ಅಪರಾಧವೇ. ಆದರೆ ಗೊರಿಲ್ಲಾ ಸತ್ತದ್ದೂ, ಒಂದು ಸಂಸಾರ ದಿಕ್ಕೆಟ್ಟದ್ದೂ ಒಂದೇ ದುರಂತದ ಎರಡು ಮುಖಗಳೆಂಬುದನ್ನು ಮರೆಯಲಾಗದು.

ತಲುಪುವ ದಾರಿಗಳು

ಹಾಗಾದರೆ ಮಾರ್ಗವೇ ಇಲ್ಲವೇ? ಇದೆ. ವಿರುಂಗದ ಅಂಚಿನ ರುವಾಂಡದ ಹಳ್ಳಿಗರು ಸಕೋಲಾ ಎಂಬ ಸಂಘವನ್ನು ಕಟ್ಟಿಕೊಂಡರು. ಸಬಿನ್ಯೋ ಶಿಖರದ ಬುಡದಲ್ಲಿರುವ ಒಂದು ಉತ್ತಮ ದರ್ಜೆಯ ವಸತಿಗೃಹದ ಒಡೆತನ ಈ ಸಂಘದ್ದು; ಅದನ್ನು ನಡೆಸುವುದು ಮಾತ್ರ ಅನುಭವವುಳ್ಳ ಖಾಸಗಿ ಕಂಪೆನಿ. ಅತಿಥಿಯೊಬ್ಬ ಅಲ್ಲಿ ಮಲಗುವ ಪ್ರತಿ ರಾತ್ರಿಗೂ ಇಂತಿಷ್ಟೆಂದು ಸಂಘಕ್ಕೆ ಸಂದಾಯವಾಗುತ್ತದೆ. ಇಲ್ಲಿ ಅತಿಥಿಯ ಕನಿಕರವನ್ನು ಯಾರೂ ಪರೀಕ್ಷಿಸುವುದಿಲ್ಲ. ಅವನು ಉದಾರಿಯಾಗಿರಲಿ ಜಿಪುಣನಾಗಿರಲಿ, ಮಲಗಿ ಎದ್ದನೆಂದರೆ ಹಳ್ಳಿಯ ಪಾಲು ಹಳ್ಳಿಗೆ ಸೇರಿತು. ಒಡೆತನವಿದ್ದಲ್ಲಿ ಹಣವು ತಾನೇ ದಾರಿ ಕಂಡುಕೊಳ್ಳುತ್ತದೆ.

ಇನ್ನೊಂದು ದಾರಿ ನಮ್ಮ ನೆರೆಯ ಭೂತಾನಿನದು. 1974ರಲ್ಲಿ ಪ್ರವಾಸಿಗಳಿಗೆ ಬಾಗಿಲು ತೆರೆದ ಆ ಪುಟ್ಟ ದೇಶವು ಬರುವವರ ಸಂಖ್ಯೆಗಿಂತ ಅವರು ತರುವ ಹಣದ ಮೇಲೆ ಕಣ್ಣಿಟ್ಟಿತು. ಪ್ರತಿ ರಾತ್ರಿಗೆ 65 ಡಾಲರ್ ಇದ್ದ ಅಭಿವೃದ್ಧಿ ಶುಲ್ಕವನ್ನು 2022ರ ಸೆಪ್ಟೆಂಬರಿನಲ್ಲಿ 200ಕ್ಕೆ ಏರಿಸಿತು; ನಿರೀಕ್ಷಿಸಿದಷ್ಟು ಜನರು ಬಾರದ್ದರಿಂದ ಮರುವರ್ಷ 100ಕ್ಕೆ ಇಳಿಸಿತು. ಮೊದಲು ಈ ಶುಲ್ಕದಿಂದ ಮುಕ್ತರಾಗಿದ್ದ ಭಾರತೀಯರಿಗೂ 2020ರ ಕಾನೂನಿನ ಮೂಲಕ ರಾತ್ರಿಗೆ 1,200 ರೂಪಾಯಿ ಗೊತ್ತುಮಾಡಲಾಯಿತು. ಈ ಹಣವು ದೇಶದ ಬೊಕ್ಕಸಕ್ಕೆ ಸೇರಿ, ಪ್ರಜೆಗಳಿಗೆ ಉಚಿತವಾಗಿ ದೊರೆಯುವ ಶಾಲೆ ಆಸ್ಪತ್ರೆಗಳಿಗೂ ಆಧಾರವಾಗುತ್ತದೆ. ಆದರೆ ಅಲ್ಲಿ ಕಂಡ ಏರಿಳಿತವು ಒಂದು ಪಾಠವನ್ನೂ ಕಲಿಸುತ್ತದೆ. ಕಡ್ಡಾಯ ಶುಲ್ಕಕ್ಕೂ ಒಂದು ಮಿತಿಯುಂಟು. ಬೆಲೆ ತೀರ ಏರಿದರೆ ಪ್ರವಾಸಿ ಬೇರೆ ಬೆಟ್ಟ ಹುಡುಕುತ್ತಾನೆ. ನಷ್ಟವಾಗುವುದು ಸಣ್ಣ ಹೋಟೆಲಿನವನಿಗೆ, ವಾಹನ ಚಾಲಕನಿಗೆ.

ನಮ್ಮ ರಾಜ್ಯದ ವಿಚಾರಕ್ಕೆ ಬರೋಣ. ಕೊಡಗು ಮೈಸೂರು ಜಿಲ್ಲೆಗಳಿಗೆ ಹಬ್ಬಿದ ನಾಗರಹೊಳೆಯ ಜೇನುಕುರುಬರದ್ದೂ ಬಟ್ವಾ ಜನರ ಕಥೆಗೆ ತೀರ ದೂರದ್ದಲ್ಲ. ಉದ್ಯಾನಕ್ಕಾಗಿ ಹಾಡಿಗಳನ್ನು ತೊರೆದವರಿದ್ದಾರೆ. ತೊರೆಯಲಾರೆವೆಂದು ನಿಂತವರೂ ಇದ್ದಾರೆ. 1990ರ ದಶಕದ ಮಧ್ಯದಲ್ಲಿ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಸಂಸ್ಥೆಯೊಂದರ ಪ್ರವಾಸಿ ಗೃಹ ತಲೆಯೆತ್ತಿದಾಗ, ಸೌದೆ ಹೆಕ್ಕಲೂ ತಡೆಯಿರುವ ಕಾಡಿನಲ್ಲಿ ಹೋಟೆಲಿಗೆ ಹೇಗೆ ಎಡೆ ಎಂದು ಆದಿವಾಸಿಗಳು ಪ್ರತಿಭಟಿಸಿದರು. 1997ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಆ ಯೋಜನೆಯನ್ನು ತಡೆಯಿತು. 2006ರ ಅರಣ್ಯ ಹಕ್ಕುಗಳ ಕಾನೂನು ಇಂಥ ಜನರ ಹಕ್ಕನ್ನು ಹಕ್ಕೆಂದೇ ಹೆಸರಿಸಿತು. ಆದರೆ ಹುಲಿ ಕಾಣುವ ಆಸೆಯಿಂದ ಸಫಾರಿ ವಾಹನವೇರುವ ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿ, ತಾವು ಕೊಟ್ಟ ಟಿಕೆಟಿನ ಹಣದಲ್ಲಿ ಹಾಡಿಯ ಮಕ್ಕಳಿಗೆ ಏನು ಸಂದಿತು ಎಂದು ವಿಚಾರಿಸಿದ್ದಾರೆ?

ನಮ್ಮ ಕೈಯಳತೆಯಲ್ಲಿರುವುದು

ಸರಕಾರ ಮಾಡಬೇಕಾದುದನ್ನು ಸರಕಾರವೇ ಮಾಡಬೇಕು. ಆದರೆ ಆಯ್ಕೆಯು ನಮ್ಮ ಕೈಯಳತೆಯಲ್ಲಿರುವುದನ್ನು ಕುರಿತದ್ದೆಂದು ಮೇಲೆ ಹೇಳಿದೆವು. ಪ್ರವಾಸ ಹೊರಡುವ ಒಂದು ಕುಟುಂಬದ ಕೈಯಳತೆಯಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನೋಡೋಣ.

ಮೊದಲನೆಯದಾಗಿ, ಕೇಳುವುದು. ಕೋಣೆ ಕಾದಿರಿಸುವಾಗ ಬಿಸಿನೀರು ಉಂಟೇ, ವಾಹನ ನಿಲ್ಲಿಸಲು ಜಾಗ ಉಂಟೇ ಎಂದು ತಪ್ಪದೆ ಕೇಳುತ್ತೇವೆ. ಅದರೊಂದಿಗೆ ಇನ್ನೆರಡು ಮಾತು ಕೇಳಿದರೆ ನಷ್ಟವಿಲ್ಲ: ಇಲ್ಲಿ ಕೆಲಸ ಮಾಡುವವರು ಈ ಊರಿನವರೇ? ಅಕ್ಕಿ, ತರಕಾರಿ, ಮೀನು ಎಲ್ಲಿಂದ ತರುತ್ತೀರಿ? ಹತ್ತು ಅತಿಥಿಗಳು ಹೀಗೆ ಕೇಳಿದರೆ ಮಾಲಿಕನು ಹನ್ನೊಂದನೆಯವನಿಗೆ ಉತ್ತರವನ್ನು ಸಿದ್ಧವಾಗಿಡುತ್ತಾನೆ. ಉತ್ತರ ಸಿದ್ಧವಾಗಿಡಬೇಕಾದವನು ಕ್ರಮೇಣ ವ್ಯವಸ್ಥೆಯನ್ನೂ ಬದಲಿಸಿಯಾನು.

ಎರಡನೆಯದಾಗಿ, ನೇರವಾಗಿ ಕೊಳ್ಳುವುದು. ಊರಿನ ಮನೆಯಲ್ಲಿ ಉಳಿಯುವುದು, ಊರಿನ ಯುವಕನನ್ನೇ ದಾರಿ ತೋರಲು ಕರೆದುಕೊಳ್ಳುವುದು, ಬುಟ್ಟಿಯನ್ನು ಹೆಣೆದವಳ ಕೈಯಿಂದಲೇ ಬುಟ್ಟಿ ತೆಗೆದುಕೊಳ್ಳುವುದು. ನಡುವೆ ಕೈಗಳು ಕಡಿಮೆಯಾದಷ್ಟೂ ಸೋರಿಕೆ ಕಡಿಮೆ.

ಮೂರನೆಯದಾಗಿ, ಚೌಕಾಸಿಗೆ ಒಂದು ಮಿತಿ ಹಾಕಿಕೊಳ್ಳುವುದು. ದೊಡ್ಡ ಹೋಟೆಲಿನ ಬಿಲ್ಲನ್ನು ಮರುಮಾತಿಲ್ಲದೆ ಪಾವತಿಸುವ ನಾವು, ಹಾದಿಬದಿಯಲ್ಲಿ ಕಾಡುನೆಲ್ಲಿ ಮಾರುವ ಮುದುಕಿಯೊಂದಿಗೆ ಐದು ರೂಪಾಯಿಗೆ ವಾದಿಸುತ್ತೇವೆ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಕಾರಿನ ಕಿಟಕಿಯಿಂದ ಬಡಮಕ್ಕಳೆಡೆಗೆ ಮಿಠಾಯಿಯನ್ನೋ ನಾಣ್ಯವನ್ನೋ ಎಸೆದು ತೃಪ್ತಿ ಪಡೆಯುವ ಅಭ್ಯಾಸಕ್ಕಿಂತ, ಆ ಮಗುವಿನ ತಂದೆಯ ದುಡಿಮೆಗೆ ನ್ಯಾಯವಾದ ಬೆಲೆ ಕೊಡುವ ಅಭ್ಯಾಸ ಮೇಲು. ಮೊದಲನೆಯದು ಕೈಚಾಚುವುದನ್ನು ಕಲಿಸುತ್ತದೆ. ಎರಡನೆಯದು ತಲೆಯೆತ್ತಿ ನಡೆಯುವುದನ್ನು.

ಕೊನೆಯದಾಗಿ, ಶುಲ್ಕ ಏರಿದಾಗ ಗೊಣಗುವ ಮೊದಲು ಲೆಕ್ಕ ಕೇಳುವುದು. ಉದ್ಯಾನದ ಬಾಗಿಲಿನಲ್ಲಿ ಶುಲ್ಕ ಹೆಚ್ಚಿದರೆ, ಆ ಹೆಚ್ಚಳದಲ್ಲಿ ಹಳ್ಳಿಯ ಪಾಲೆಷ್ಟು ಎಂದು ವಿಚಾರಿಸುವ ಹಕ್ಕು ಹಣ ಕೊಟ್ಟವನಿಗೆ ಇದೆ. ಪಾಲು ಇಲ್ಲವೆಂದಾದರೆ ಆಗ ಗೊಣಗೋಣ, ಗಟ್ಟಿಯಾಗಿಯೇ ಗೊಣಗೋಣ. ಆ ಗೊಣಗಾಟ ನಮ್ಮ ಕಿಸೆಗಾಗಿ ಅಲ್ಲ, ಬಾಕಿ ಬರಬೇಕಾದವನಿಗಾಗಿ ಆಗಿರಲಿ.

ಮನುಷ್ಯನ ಮನಸ್ಸು ಮೂಲತಃ ಕೃಪಣವಲ್ಲ ಎಂಬುದನ್ನು ವಿರುಂಗದ ಪರ್ವತಗಳು ಸಾಬೀತುಪಡಿಸಿವೆ. ಒಂದು ಗಂಟೆಯ ವಿಸ್ಮಯಕ್ಕಾಗಿ ಜನರು ಕೈಬಿಚ್ಚಿ ಕೊಟ್ಟರು. ಅಳಿದೇಹೋಗಲಿದ್ದ ಪ್ರಾಣಿ ಉಳಿಯಿತು. ಅದೇ ಹಣದಲ್ಲಿ ನ್ಯಾಯವಾದ ಪಾಲು ಕಾಡಿನ ಅಂಚಿನ ರೈತನಿಗೂ ಕಾಡು ಕಳೆದುಕೊಂಡ ಬಟ್ವಾನಿಗೂ ತಲುಪುವಂತೆ ಮಾಡುವುದು ಮಾತ್ರ ಉಳಿದಿರುವ ಕೆಲಸ. ಅದು ಕನಿಕರದಿಂದಷ್ಟೇ ಆಗುವ ಕೆಲಸವಲ್ಲ. ನಿಯಮ, ಒಡೆತನ, ಲೆಕ್ಕಪತ್ರಗಳಿಂದ ಆಗುವಂಥದ್ದು. ಮುಂದಿನ ರಜೆಗೆ ತಾವು ಎಲ್ಲಿಗೇ ಹೊರಟರೂ, ಕಟ್ಟುವ ಗಂಟಿನಲ್ಲಿ ಉಡುಪು, ಔಷಧಿಗಳೊಂದಿಗೆ ಈ ಒಂದು ಪ್ರಶ್ನೆಯನ್ನೂ ಇಟ್ಟುಕೊಳ್ಳುವಿರೆಂದು ನಾವು ಆಶಿಸುತ್ತೇವೆ: ನಾವು ಕೊಟ್ಟದ್ದು ಯಾರ ಬಾಗಿಲು ತಲುಪಿತು?